ಹೊಳೆ ದಾಟುವ ಹದಿನಾಲ್ಕು ಸಾಲು

ಕೊರ್ಲಹಳ್ಳಿಯ ಸೇತುವೆಯ ಮೇಲೆ ತುಂಗಭದ್ರೆ ದಾಟಿದವರಿಗೆ ಸುನೀತದ ಅರ್ಧ ಗುಟ್ಟು ಆಗಲೇ ಗೊತ್ತು. ಈ ದಂಡೆ ಮುಂಡರಗಿ ಸೀಮೆ, ಆ ದಂಡೆ ಹೂವಿನಹಡಗಲಿ ಸೀಮೆ. ನೀರು ಅದೇ, ನಿಂತು ನೋಡುವ ನೆಲ ಬೇರೆ. 13ನೇ ಶತಮಾನದ ಇಟಲಿಯಲ್ಲಿ ಹುಟ್ಟಿದ ಈ 14 ಸಾಲಿನ ಪದ್ಯದಲ್ಲೂ ಮೊದಲ ಎಂಟು ಸಾಲು ಒಂದು ದಂಡೆ, ಉಳಿದ ಆರು ಇನ್ನೊಂದು. ಅಷ್ಟಷಟ್ಪದಿ ಎಂಬ ಕನ್ನಡದ ಹೆಸರು ಹೇಳುವುದೂ ಅದನ್ನೇ. ಮಾಸ್ತಿಯವರ ‘ಮಲಾರ’, ಕುವೆಂಪು ಅವರ ‘ಕೃತ್ತಿಕೆ’ ಇದನ್ನು ನಮ್ಮದಾಗಿಸಿದ ಸಂಕಲನಗಳು.

ಆದರೆ ಪದಗಳು ಲಾಗ ಹಾಕುವ ಪ್ರಯೋಗದ ಸುನೀತ ಎದುರಾದರೆ ಹೊಸ ಓದುಗರು ಹಿಂಜರಿಯುತ್ತಾರೆ. ಅವರಿಗಾಗಿ ನಾಲ್ಕು ಮಾತು.

1. ಮೊದಲು ಕಿವಿಗೆ ಕೊಡಿ. ಅರ್ಥ ಆಮೇಲೆ, ಗಟ್ಟಿಯಾಗಿ ಎರಡು ಸಲ ಓದಿ. ಗದುಗಿನ ಭಾರತ ಊರೂರ ಕಟ್ಟೆಗಳಲ್ಲಿ ಬಾಳಿದ್ದು ವಾಚನದಿಂದ. ಅದರ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಯ ನಡೆಗೆ ಪಳಗಿದ ಕಿವಿ, ಅರ್ಥ ತಿಳಿಯದ ಸಾಲಿನಲ್ಲೂ ಲಯ ಹಿಡಿಯುತ್ತದೆ.

2. ತಿರುವು ಹುಡುಕಿ. ಒಂಬತ್ತನೇ ಸಾಲಿಗೆ ಬೆರಳಿಡಿ. ಅಲ್ಲಿ ಭಾವ ಹೊರಳಿತೇ? ಇಲ್ಲವಾದರೆ ಕವಿ ತಿರುವನ್ನು ಎಲ್ಲಿಗೆ ಸರಿಸಿದ, ಏಕೆ ಸರಿಸಿದ ಎಂದು ಕೇಳಿಕೊಳ್ಳಿ.

3. ಪದವನ್ನು ಹಿಂಬಾಲಿಸಿ. ‘ಹೊಳೆ’ಯನ್ನೇ ನೋಡಿ: ನದಿಯೂ ಹೊಳೆ, ಬಿಸಿಲಿಗೆ ನೀರು ಹೊಳೆಯುತ್ತದೆ, ಮನಸ್ಸಿಗೆ ಮಾತೊಂದು ಹೊಳೆಯುತ್ತದೆ. ಎಂಟು ಸಾಲು ನೀರಾಗಿ ಹರಿದ ಹೊಳೆ ಕೊನೆಯ ಆರರಲ್ಲಿ ಹೊಳಹಾದರೆ, ಪದವೇ ದಂಡೆ ದಾಟಿತು. ಇದೇನೂ ಪರದೇಶದ ಆಟವಲ್ಲ. ಅಲ್ಲಮನ ಬೆಡಗಿನ ವಚನಗಳಿವೆ, ಅಜ್ಜಿಯರ ಒಗಟುಗಳಿವೆ, ಇಲ್ಲೇ ಶಿರಹಟ್ಟಿಯ ಮನೆತನದ ಬೇಂದ್ರೆ ಇದ್ದಾರೆ. ಅರ್ಥವನ್ನು ಬೆಳೆಸುವ ಆಟ ಒಳ್ಳೆಯದು. ಬರೀ ಸದ್ದಾಗಿ ಉಳಿಯುವುದು ಜೊಳ್ಳು.

4. ಕಟ್ಟನ್ನು ಗೌರವಿಸಿ. ಫ್ರಾನ್ಸಿನ ರೇಮೋಂ ಕೆನೋ 1961ರಲ್ಲಿ ಒಂದೇ ಪ್ರಾಸದ 10 ಸುನೀತ ಬರೆದು, ಒಂದೊಂದು ಸಾಲನ್ನೂ ಬಿಡಿ ಪಟ್ಟಿಯಾಗಿ ಕತ್ತರಿಸಿದ ಪುಟಗಳ ಪುಸ್ತಕ ತಂದ. ಯಾವ ಸುನೀತದ ಮೊದಲ ಸಾಲಿಗೆ ಯಾವುದರ ಎರಡನೆಯದನ್ನಾದರೂ ಕೂಡಿಸಬಹುದು. ಹೀಗೆ ಹುಟ್ಟುವ ಪದ್ಯಗಳು ಒಂದು ಕೋಟಿ ಕೋಟಿ! ಕಟ್ಟು ಬಿಗಿಯಾಗಿದ್ದರಿಂದಲೇ ಅಷ್ಟು ಬಿಡುಗಡೆ ಸಿಕ್ಕಿತು.

ಓದಿದ ಮೇಲೆ ಒಂದನ್ನು ಬರೆದೂ ನೋಡಿ. ನಿಮ್ಮೂರಿನ ಆಡುಮಾತಿನ ಎರಡರ್ಥದ ಪದವೊಂದನ್ನು ಆರಿಸಿ, ಎಂಟು ಸಾಲು ಒಂದು ಅರ್ಥಕ್ಕೆ ಕೊಡಿ, ಆರು ಸಾಲು ಇನ್ನೊಂದಕ್ಕೆ. ಪದ್ಯ ಕೆಟ್ಟರೂ ಚಿಂತೆಯಿಲ್ಲ. ಮುಂದೆ ಓದುವ ಪ್ರತಿ ಸುನೀತದಲ್ಲೂ ತಿರುವು ನಿಮ್ಮ ಕಿವಿಗೆ ತಾನಾಗಿ ಕೇಳುತ್ತದೆ.