ಬಣ್ಣದ ಕೆಳಗಿನ ಬೀಡು ಕಬ್ಬಿಣ

ಮೈತುಂಬ ಹಸಿರು ಬಣ್ಣ, ಹಿಡಿಕೆಗಳಿಗೆ ಕಪ್ಪು, ಬೆಡ್ಡಿನ ಮೇಲೆ ಆಗತಾನೆ ಸವರಿದ ಎಣ್ಣೆ. ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಬಂದ ಹಳೆಯ ಲೇತು ಸಾಮಾನ್ಯವಾಗಿ ಹೀಗೇ ಕಾಣುತ್ತದೆ. ವಿವರ ಒಂದೇ ಸಾಲು: ‘ಗುಡ್ ಕಂಡೀಷನ್, ಅರ್ಜೆಂಟ್ ಸೇಲ್’. ಬೀದರ್ ಗಡಿಗೆ ಹತ್ತಿರದ, ತೆಲಂಗಾಣದ ನಾಗಲಗಿದ್ದದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟವರು ಫೋನ್ ಹಚ್ಚಿ ಕೇಳುವ ಪ್ರಶ್ನೆಯೂ ಒಂದೇ: ‘ಅಣ್ಣಾ, ಮಷಿನ್ ಚಾಲೂ ಅದ ಏನ್ರಿ?’ ‘ಚಾಲೂ ಅದ್ರಿ, ಬಂದು ನೋಡ್ರಿ.’ ಉತ್ತರದಲ್ಲಿ ಸುಳ್ಳಿಲ್ಲ. ಮೋಟಾರು ತಿರುಗುತ್ತದೆ, ಚಕ್ ಸುತ್ತುತ್ತದೆ. ಲಾರಿಯಿಂದ ಇಳಿಸಿ, ಒಂದು ಶಾಫ್ಟ್ ಕಟ್ಟಿ, ಮೊದಲ ಕಟ್ ಹೊಡೆದಾಗ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳ್ಳಗೆ ಬರುತ್ತದೆ. ಜಗಳ ಅಲ್ಲಿಂದ ಶುರು.

ಹಳೆಯ ಹತ್ಯಾರಗಳ ವ್ಯಾಪಾರದಲ್ಲಿ ಇಂಥ ಜಗಳಗಳಿಗೆ ಮೋಸಗಾರರಿಗಿಂತ ದೊಡ್ಡ ಕಾರಣ ಬಣ್ಣ. ತುಕ್ಕು ಹಿಡಿದ ಯಂತ್ರ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಎಲ್ಲಿ ಕೈ ತಾಗಿದೆ, ಎಲ್ಲಿ ನೀರು ನಿಂತಿದೆ, ಎಲ್ಲಿ ಪೆಟ್ಟು ಬಿದ್ದಿದೆ ಎಂಬುದು ಅದರ ಮೈಮೇಲೇ ಇರುತ್ತದೆ. ವೈರ್ ಬ್ರಷ್ ಹೊಡೆದು, ಪುಟ್ಟಿ ತುಂಬಿ, ಸ್ಪ್ರೇ ಮಾಡಿದ ಮೇಲೆ ಆ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಹೊಸ ಬಣ್ಣದ ಯಂತ್ರಕ್ಕೂ ಬಣ್ಣ ಕಾಣದ ಯಂತ್ರಕ್ಕೂ ಒಂದೇ ಬೆಲೆ ಇದ್ದರೆ ಎರಡನೆಯದನ್ನು ಕೊಳ್ಳುವುದೇ ಸರಿ.

ಲೇತಿನ ವಿಷಯವನ್ನು ಬಿಡಿಸಿ ನೋಡಬೇಕು, ಏಕೆಂದರೆ ದೊಡ್ಡ ಮೊತ್ತ ಮುಳುಗುವುದು ಇಲ್ಲೇ. ಕನ್ನಡ ನಾಡಿನ ಎರಡು ಹೆಸರುಗಳಿಗೆ ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಇಂದಿಗೂ ಬೇಡಿಕೆ ಇದೆ. ಒಂದು, 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್. ಇನ್ನೊಂದು, 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ. ಹರಿಹರದ ಎಂಟರ್‌ಪ್ರೈಸ್ ಲೇತುಗಳು, ಎಚ್‌ಎಂಟಿಯ ಎನ್‌ಎಚ್ 26ನಂಥ ಭಾರೀ ಯಂತ್ರಗಳು ಕಾರ್ಖಾನೆಗಳಿಂದ ಹೊರಬಿದ್ದು ಕೈಯಿಂದ ಕೈಗೆ ದಾಟುತ್ತಲೇ ಇವೆ. ಹೆಸರು ನೋಡಿ ಬೆಲೆ ಏರುತ್ತದೆ. ಬೆಡ್ಡಿನ ಸವೆತ ಮಾತ್ರ ಹೆಸರನ್ನು ನೋಡುವುದಿಲ್ಲ.

ಲೇತಿನ ಕೆಲಸದಲ್ಲಿ ಬಹುಪಾಲು ಚಕ್ಕಿನ ಹತ್ತಿರವೇ ನಡೆಯುತ್ತದೆ. ಹಾಗಾಗಿ ಬೆಡ್ ಅಲ್ಲಿ ಹೆಚ್ಚು ಸವೆಯುತ್ತದೆ, ಟೇಲ್‌ಸ್ಟಾಕ್ ಕಡೆ ಹೊಸದರಂತೆ ಉಳಿಯುತ್ತದೆ. ಬೆಡ್ಡಿನ ಮೇಲೆ ಸರಿಯುವ ಸ್ಯಾಡಲ್ಲನ್ನು ಚಕ್ಕಿನ ಬಳಿ ಆಟವಿಲ್ಲದಂತೆ ಬಿಗಿ ಮಾಡಿ ಇನ್ನೊಂದು ತುದಿಗೆ ಸರಿಸಿದರೆ, ಸವೆದ ಯಂತ್ರದಲ್ಲಿ ಅದು ದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ. ನೋಡಲು ಒಂದೆರಡು ನಿಮಿಷ ಸಾಕು, ವಿಡಿಯೊ ಕಾಲ್‌ನಲ್ಲೂ ತೋರಿಸಬಹುದು. ಆದರೂ ಕೊಳ್ಳುವವರು ಕೇಳುವುದು ಮೋಟಾರಿನ ಸದ್ದನ್ನು.

ಇನ್ನೊಂದು ಕಡೆ, ಅನಗತ್ಯವಾಗಿ ಹೊತ್ತಿಕೊಳ್ಳುವ ಜಗಳವೂ ಉಂಟು. ಕ್ರಾಸ್ ಸ್ಲೈಡಿನ ಹಿಡಿಕೆ ಕಾಲು ಸುತ್ತು ತಿರುಗಿದರೂ ಸ್ಲೈಡ್ ಅಲುಗುವುದಿಲ್ಲ ಎಂದು ಕೊಂಡವರು ಸಿಟ್ಟಾಗುತ್ತಾರೆ. ಅದು ಸ್ಕ್ರೂ ಮತ್ತು ನಟ್ಟಿನ ಸವೆತ. ಗನ್‌ಮೆಟಲ್ ನಟ್ಟನ್ನು ಹೊಸದಾಗಿ ಮಾಡಿಸಿ ಹಾಕಬಹುದು. ಬೆಡ್ಡನ್ನು ಮತ್ತೆ ಗ್ರೈಂಡ್ ಮಾಡಿಸುವುದು ಬೇರೆಯೇ ಲೆಕ್ಕ. ಯಂತ್ರವನ್ನು ದೊಡ್ಡ ಶಹರಕ್ಕೆ ಹೊತ್ತೊಯ್ಯಬೇಕು, ಖರ್ಚು ಕೊಂಡ ಬೆಲೆಯನ್ನು ಮುಟ್ಟಬಹುದು. ಸಣ್ಣ ದೋಷಕ್ಕೆ ಕೂಗಾಡಿ ದೊಡ್ಡದನ್ನು ಗಮನಿಸದೆ ಬಿಟ್ಟವರು ಆಮೇಲೆ ಎರಡನೇ ಸಲ ಫೋನ್ ಮಾಡಿದಾಗ ಮಾರಿದವರು ಎತ್ತದಿದ್ದರೆ ಆಶ್ಚರ್ಯವಿಲ್ಲ.

ಮಾರಿದವರ ಪರವಾಗಿ ಹೇಳಬೇಕಾದ ಮಾತೂ ಇದೆ. ಲೇತನ್ನು ಲೆವೆಲ್ ಇಲ್ಲದ ನೆಲದ ಮೇಲೆ ಕೂರಿಸಿದರೆ ಬೆಡ್ ತಿರುಚಿಕೊಳ್ಳುತ್ತದೆ. ಸವೆತವಿಲ್ಲದ ಯಂತ್ರವೂ ಆಗ ಟೇಪರ್ ಹೊಡೆಯುತ್ತದೆ, ಅಂದರೆ ಒಂದು ತುದಿ ದಪ್ಪ, ಇನ್ನೊಂದು ತೆಳ್ಳಗೆ. ಈ ಭಾಗದ ಕಪ್ಪು ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಂಥದ್ದು. ಗಟ್ಟಿ ಬುನಾದಿ ಇಲ್ಲದೆ ನಿಲ್ಲಿಸಿದ ಲೇತು ಕೊಡುವ ಅಳತೆಯನ್ನು ಮಾರಿದವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಜರ್ಮನಿಯ ಪ್ರೊಫೆಸರ್ ಜಾರ್ಜ್ ಶ್ಲೆಸಿಂಗರ್ 1927ರಲ್ಲೇ ಯಂತ್ರಗಳನ್ನು ಒಪ್ಪಿಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆಗಳನ್ನು ಪುಸ್ತಕವಾಗಿ ಬರೆದಿಟ್ಟರು. ಮೊದಲು ಲೆವೆಲ್, ನಂತರ ಡಯಲ್ ಗೇಜ್, ಕೊನೆಗೆ ಕಟ್ ಹೊಡೆದು ಅಳತೆ. ಯಂತ್ರವನ್ನು ಬಿಚ್ಚಿ ಲಾರಿಗೆ ಹೇರುವ ಮುನ್ನ, ಅದು ನಿಂತ ಜಾಗದಲ್ಲೇ, ಒಂದು ಗೇಣುದ್ದದ ಶಾಫ್ಟನ್ನು ಚಕ್ಕಿಗೆ ಕಟ್ಟಿ, ಸಣ್ಣ ಕಟ್ ಹೊಡೆದು, ಎರಡೂ ತುದಿಗಳಿಗೆ ಮೈಕ್ರೋಮೀಟರ್ ಹಿಡಿದ ವಿಡಿಯೊ ಇದ್ದರೆ ಮುಂದಿನ ವಾದಕ್ಕೆ ಆಧಾರವೊಂದು ಸಿಕ್ಕಂತೆ.

ಬೀದರ್ ಸೀಮೆಯ ರೈತರಿಗೆ ಈ ಶಿಸ್ತು ಹೊಸದೇನಲ್ಲ. ದೇವಣಿ ತಳಿಯ ಎತ್ತು ಕೊಳ್ಳಲು ಸಂತೆಗೆ ಹೋದವರು ಕೊಂಬಿಗೆ ಬಳಿದ ಬಣ್ಣ ನೋಡಿ ಹಣ ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ಹೆಗಲು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಅದೇ ಜನ ಫೋನಿನಲ್ಲಿ ಹತ್ಯಾರ ಕೊಳ್ಳುವಾಗ ಮೂರು ಫೋಟೊ ನೋಡಿ ಅಡ್ವಾನ್ಸ್ ಹಾಕಿಬಿಡುತ್ತಾರೆ.

ಕೈಹತ್ಯಾರಗಳಲ್ಲಿ ಹೆಚ್ಚು ತಕರಾರು ಎಬ್ಬಿಸುವುದು ಕಬ್ಬಿಣದ ರಂದಾ. ಲಿಯೊನಾರ್ಡ್ ಬೈಲಿ ಎಂಬ ಅಮೆರಿಕನ್ ಕುಶಲಿ ರೂಪಿಸಿದ ಮಾದರಿ ಇದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅದರ ಹಕ್ಕು ಕೊಂಡ ಮೇಲೆ ಜಗತ್ತಿನ ಬಡಗಿಗಳ ಕೈಸೇರಿತು. ಬಡಗಿತನ ಬಲ್ಲವರು ಹಳೆಯ ಸ್ಟ್ಯಾನ್ಲಿ, ಶೆಫೀಲ್ಡಿನ ರೆಕಾರ್ಡ್ ರಂದಾಗಳನ್ನು ಹುಡುಕಿ ತರಿಸುವುದಕ್ಕೆ ಕಾರಣವಿದೆ. ಅವುಗಳ ಎರಕ ಚೆನ್ನ, ಅಲಗು ಚೆನ್ನ. ಮಾರುವವರು ಫೋಟೊ ತೆಗೆಯುವುದು ಮಾತ್ರ ಮೇಲಿನಿಂದ, ಹಿಡಿಯ ಪಾಲಿಷ್ ಕಾಣುವಂತೆ. ನೋಡಬೇಕಾದ್ದು ತಳ. ಬಾಯಿಯ ಎರಡೂ ಮೂಲೆಗಳಲ್ಲಿ ಕೂದಲೆಳೆಯಷ್ಟು ಸೀಳು ಇದೆಯೇ, ಪಕ್ಕದ ಗೋಡೆಯಲ್ಲಿ ಹಿತ್ತಾಳೆಯ ಹಳದಿ ಗೆರೆ ಇದೆಯೇ? ಹಳದಿ ಗೆರೆ ಎಂದರೆ ಒಡೆದ ಎರಕವನ್ನು ಬ್ರೇಜಿಂಗ್ ಮಾಡಿ ಕೂಡಿಸಿದ್ದಾರೆ ಎಂದರ್ಥ. ಅಂಥ ರಂದಾ ಕೆಲಸಕ್ಕೆ ಬರುತ್ತದೆ, ಆದರೆ ಅದರ ಬೆಲೆಯೇ ಬೇರೆ. ಗೆರೆಯ ಮೇಲೆ ಕಪ್ಪು ಬಣ್ಣ ಬಳಿದು ಪೂರ್ತಿ ಬೆಲೆ ಕೇಳಿದರೆ ಅದು ಮುಚ್ಚುಮರೆ.

ಅಲಗನ್ನು ಹೊರತೆಗೆದು ಫೋಟೊ ಕೇಳುವುದೂ ಅಷ್ಟೇ ಮುಖ್ಯ. ಅಂಚಿನ ಹಿಂಬದಿಯಲ್ಲಿ ತುಕ್ಕಿನ ಗುಳಿಗಳಿದ್ದರೆ ಎಷ್ಟು ಮಸೆದರೂ ಅಂಚು ಮುಕ್ಕಾಗಿಯೇ ಉಳಿಯುತ್ತದೆ. ಅಲಗಿನ ಮೇಲ್ಭಾಗದ ತುಕ್ಕಿನಿಂದ ಕೆಲಸ ಕೆಡುವುದಿಲ್ಲ.

ತಾಂಡೂರಿನ ಕಡೆಯ ಬಡಗಿಗಳು ಎಚ್ಚರ ವಹಿಸಬೇಕಾದ ಸಂಗತಿ ಒಂದಿದೆ. ಅಲ್ಲಿನ ನೀಲಿ ಸುಣ್ಣಗಲ್ಲಿನ ಚಪ್ಪಡಿಗೆ ಪಾಲಿಷ್ ಕೊಟ್ಟರೆ ಕನ್ನಡಿಯ ಹೊಳಪು ಬರುತ್ತದೆ. ಹೊಳಪಿದೆ ಎಂದ ಮಾತ್ರಕ್ಕೆ ಅದು ಸಮತಲವಲ್ಲ. ನೆಲಕ್ಕೆ ಹಾಸಿದ ಕಲ್ಲಿನ ಮೇಲೆ ರಂದಾ ಇಟ್ಟು, ‘ತಳ ಡೊಂಕಾಗಿದೆ, ವಾಪಸ್ ತಗೊಳ್ರಿ’ ಎಂದರೆ ಡೊಂಕು ಕಲ್ಲಿನದೂ ಇರಬಹುದು. ಕರಗಿದ ತವರದ ಮೇಲೆ ತೇಲಿಸಿ ತಯಾರಿಸುವ ಫ್ಲೋಟ್ ಗ್ಲಾಸಿನ ದಪ್ಪ ತುಂಡು ಈ ಕೆಲಸಕ್ಕೆ ವಾಸಿ. ಅದನ್ನು ಗಟ್ಟಿ ಆಸರೆಯ ಮೇಲಿಟ್ಟು, ರಂದಾವನ್ನು ಅದರ ಮೇಲೆ ಕೂರಿಸಿ, ತಳದ ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಜಹೀರಾಬಾದಿನ ಯಾವುದೇ ಟ್ರ್ಯಾಕ್ಟರ್ ಮೆಕ್ಯಾನಿಕ್‌ನ ಬಳಿ, ಟ್ಯಾಪೆಟ್ ಸೆಟ್ಟಿಂಗ್‌ಗೆ ಇಟ್ಟುಕೊಂಡ ಫೀಲರ್ ಗೇಜ್ ಇರುತ್ತದೆ. ‘0.05 ಮಿ.ಮೀ. ಪಟ್ಟಿ ಬಾಯಿಯ ಮುಂದೆ ತೂರುತ್ತದೆ’ ಎಂದು ಬರೆದರೆ ಮಾರಿದವರು ಉತ್ತರ ಕೊಡಲೇಬೇಕಾಗುತ್ತದೆ. ‘ಡೊಂಕಾಗಿದೆ’ ಎಂಬ ದೂರಿಗೆ ಉತ್ತರವೇ ಇಲ್ಲ.

ಆಂಗಲ್ ಗ್ರೈಂಡರ್, ಡ್ರಿಲ್‌ಗಳ ಮಾತು ಚಿಕ್ಕದು. ಖಾಲಿ ತಿರುಗಿಸಿದ ವಿಡಿಯೊಗೆ ಬೆಲೆಯಿಲ್ಲ. ನಾಲ್ಕಿಂಚಿನ ಗ್ರೈಂಡರ್ ಖಾಲಿಯಾಗಿ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುವಾಗ ಸುಟ್ಟ ಆರ್ಮೇಚರೂ ಕೆಲವೊಮ್ಮೆ ಮಾನ ಉಳಿಸಿಕೊಳ್ಳುತ್ತದೆ. ಕಬ್ಬಿಣಕ್ಕೆ ಒತ್ತಿ ಹಿಡಿದಾಗ ಗಾಳಿಯ ಕಿಂಡಿಯಲ್ಲಿ ಕಾಣುವ ಕಿಡಿಯನ್ನು ನೋಡಬೇಕು. ಕಾರ್ಬನ್ ಹತ್ತಿರ ಪುಟ್ಟ ಕಿಡಿ ಸಹಜ. ಕಮ್ಯುಟೇಟರ್ ಸುತ್ತ ಬೆಂಕಿಯ ಬಳೆಯೇ ಕಂಡರೆ ಆ ಹತ್ಯಾರವನ್ನು ಬಿಟ್ಟುಬಿಡುವುದು ಲೇಸು.

ಇಂಥ ಪೇಟೆ ಏಕೆ ಕೆಡುತ್ತದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಹಿಡಿದು ವಿವರಿಸಿದರು. ಒಳಗಿನ ಸ್ಥಿತಿ ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವರು ಎಲ್ಲಕ್ಕೂ ನಡುವಿನ ಬೆಲೆ ಕೇಳುತ್ತಾರೆ. ಒಳ್ಳೆಯ ಮಾಲು ಇಟ್ಟುಕೊಂಡವರಿಗೆ ಆ ಬೆಲೆ ಗಿಟ್ಟದೆ ಅವರು ಪೇಟೆಯಿಂದಲೇ ಹಿಂದೆ ಸರಿಯುತ್ತಾರೆ. 2001ರಲ್ಲಿ ಅವರಿಗೆ ನೊಬೆಲ್ ಬಂತು. ಬಣ್ಣ ಬಳಿಯದೆ, ಸವೆತವನ್ನು ಅಳತೆಯೊಂದಿಗೆ ಬರೆದು ಮಾರುವವರು ನಮ್ಮಲ್ಲಿ ವಿರಳವಾಗಿರುವುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗದು. ಹಾಗೆಂದು ದೋಷ ಹೇಳಿದರೆ ಮಾಲು ಹೋಗುವುದಿಲ್ಲ ಎಂಬ ಭಯಕ್ಕೆ ಬುಡವಿಲ್ಲ. 1995ರಲ್ಲಿ ಈಬೇ ಶುರುವಾದಾಗ ಅಲ್ಲಿ ಮೊದಲು ಬಿಕರಿಯಾದದ್ದು ಕೆಟ್ಟುಹೋದ ಲೇಸರ್ ಪಾಯಿಂಟರ್. ಕೆಟ್ಟಿದೆ ಎಂದು ಹೇಳಿಯೇ ಮಾರಿದ್ದು, 14.83 ಡಾಲರಿಗೆ.

ಜಗಳ ಮಾತಿನಲ್ಲಿ ಮುಗಿಯದಿದ್ದಾಗ ಕಾನೂನು ಎಷ್ಟು ಕೈಹಿಡಿಯುತ್ತದೆ? 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಅದೇ ಬಗೆಯ ಮಾಲಿನ ವ್ಯಾಪಾರಿಯಿಂದ ವಿವರಣೆ ನಂಬಿ ಕೊಂಡರೆ ಮಾಲು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕು. ಆದರೆ ಕೊಂಡವರು ಮಾಲನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಈ ರಕ್ಷಣೆ ಇಲ್ಲ. ಬೀದರಿಗೆ ಹೋಗಿ, ಚಹಾ ಕುಡಿದು, ಬೆಡ್ ಮುಟ್ಟದೆ ಬಂದವರು ಇದನ್ನು ನೆನಪಿಡಬೇಕು.

ಗ್ರಾಹಕರ ಆಯೋಗಕ್ಕೆ ಹೋದರೆ ‘ವ್ಯಾಪಾರಕ್ಕಾಗಿ ಕೊಂಡಿದ್ದೀರಿ, ನೀವು ಗ್ರಾಹಕರೇ ಅಲ್ಲ’ ಎಂಬ ಆಕ್ಷೇಪ ಮೊದಲು ಎದುರಾಗುತ್ತದೆ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಮತ್ತು ಪಿ.ಎಸ್.ಜಿ. ಇಂಡಸ್ಟ್ರಿಯಲ್ ಇನ್‌ಸ್ಟಿಟ್ಯೂಟ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಗೆಹರಿಸಿತು. ಹೊಟ್ಟೆಪಾಡಿಗಾಗಿ ತಾನೇ ನಡೆಸಲು ಯಂತ್ರ ಕೊಂಡವರು ಗ್ರಾಹಕರು ಎಂದಿತು, ಲೇತಿನ ಉದಾಹರಣೆಯನ್ನೂ ಕೊಟ್ಟಿತು. ದೊಡ್ಡ ಪ್ರಮಾಣದ ಉತ್ಪಾದನೆಗೆ ಯಂತ್ರ ಕೊಂಡಿದ್ದ ಲಕ್ಷ್ಮಿ ಎಂಜಿನಿಯರಿಂಗ್‌ಗೆ ಮಾತ್ರ ಗ್ರಾಹಕರ ಸ್ಥಾನ ಸಿಗಲಿಲ್ಲ. ನಾಗಲಗಿದ್ದದ ಒಂಟಿ ಲೇತಿನವರಿಗೆ ಆ ತೀರ್ಪು ಇಂದಿಗೂ ಆಸರೆ.

ಗಡಿಯ ಜನರಿಗೆ ಇನ್ನೊಂದು ತೊಡಕಿತ್ತು. 1956ರ ನವೆಂಬರ್‌ವರೆಗೆ ನಾರಾಯಣಖೇಡ ಬೀದರ್ ಜಿಲ್ಲೆಯದೇ ತಾಲೂಕು. ಈಗ ಬೀದರಿನವರು ಮಾರಿ ಖೇಡದವರು ಕೊಂಡರೆ ನಡುವೆ ರಾಜ್ಯದ ಗೆರೆ ಬರುತ್ತದೆ. ಹಳೆಯ ಗ್ರಾಹಕ ಕಾಯ್ದೆಯಲ್ಲಿ ಮಾರಿದವರ ಊರಿನಲ್ಲೋ ವ್ಯವಹಾರ ನಡೆದ ಜಾಗದಲ್ಲೋ ದೂರು ಕೊಡಬೇಕಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆ ಕೊಂಡವರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಕೊಟ್ಟಿತು. ಅಂದರೆ ಖೇಡದವರು ತಮ್ಮ ಜಿಲ್ಲೆಯಾದ ಸಂಗಾರೆಡ್ಡಿಯಲ್ಲೇ. 5 ಲಕ್ಷ ರೂಪಾಯಿವರೆಗಿನ ಮಾಲಿಗೆ ಶುಲ್ಕವಿಲ್ಲ, 2 ವರ್ಷದ ಒಳಗೆ ದೂರು ಕೊಡಬೇಕು. ವ್ಯಾಪಾರಿಯಲ್ಲದ ಒಬ್ಬರು ತಮ್ಮ ಮನೆಯ ಹಳೆಯ ಡ್ರಿಲ್ ಮಾರಿದ್ದರೆ ಈ ದಾರಿ ಕಷ್ಟ. 2020ರ ಇ-ಕಾಮರ್ಸ್ ನಿಯಮಗಳು ಹಾಗೆ ಸ್ವಂತ ನೆಲೆಯಲ್ಲಿ ಅಪರೂಪಕ್ಕೆ ಮಾರುವವರನ್ನು ಹೊರಗಿಟ್ಟಿವೆ.

ಉಳಿದದ್ದು ದಾರಿಯಲ್ಲಿ ಒಡೆದ ಮಾಲಿನ ತಕರಾರು. ಬೀಡು ಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಪಾರ್ಸೆಲ್ ಒಮ್ಮೆ ಕೈಜಾರಿ ಬಿದ್ದರೆ ರಂದಾದ ಗೋಡೆ ಸೀಳಲು ಸಾಕು. ಸಾಗಣೆದಾರರ ಕೈಗೆ ಕೊಟ್ಟರೆ ಕೊಂಡವರಿಗೆ ಕೊಟ್ಟಂತೆಯೇ ಎಂದು 1930ರ ಕಾಯ್ದೆಯ 39ನೇ ಕಲಮು ಮೇಲ್ನೋಟಕ್ಕೆ ಹಿಡಿಯುತ್ತದೆ. ಹಾಗಾಗಿ ಒಡೆದರೆ ಹೊಣೆ ಯಾರದು ಎಂಬುದನ್ನು ಹಣ ಹಾಕುವ ಮುಂಚೆಯೇ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಬೇಕು. ರಂದಾದ ಅಲಗು, ಲಿವರ್ ಕ್ಯಾಪ್ ಕಳಚಿ ಬೇರೆ ಬೇರೆ ಸುತ್ತಿ, ಮರದ ಪೆಟ್ಟಿಗೆಯಲ್ಲಿ ಅಲುಗದಂತೆ ಕೂರಿಸಿ ಕಳಿಸಲು ಹೇಳಬೇಕು. ಬಂದ ದಿನವೇ, ವಿಳಾಸದ ಚೀಟಿ ಕಾಣುವಂತೆ, ಕಟ್ಟು ಬಿಚ್ಚುವುದನ್ನು ಶುರುವಿನಿಂದ ವಿಡಿಯೊ ಮಾಡಬೇಕು. ಸುಗ್ಗಿ ಮುಗಿಯಲಿ, ಆಮೇಲೆ ನೋಡೋಣ ಎಂದು ಪಾರ್ಸೆಲ್ಲನ್ನು ಮೂಲೆಗಿಟ್ಟರೆ 42ನೇ ಕಲಮು ಅಡ್ಡ ಬರುತ್ತದೆ: ಬೇಡವೆಂದು ತಿಳಿಸದೆ ಸಾಕಷ್ಟು ಸಮಯ ಇಟ್ಟುಕೊಂಡ ಮಾಲನ್ನು ಒಪ್ಪಿಕೊಂಡಂತೆಯೇ ಎಂದು ಅದು ಹೇಳುತ್ತದೆ.