ಕಲಿಯುತ್ತ ಕಲಿಸುವವರು: ಪ್ರಾಥಮಿಕ ಶಾಲೆಯ ಭಾವೀ ಶಿಕ್ಷಕರ ಇಂಗ್ಲಿಷ್ ಪ್ರಶಿಕ್ಷಣ

ಕರ್ನಾಟಕದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷನ್ನು ಒಂದನೆಯ ತರಗತಿಯಿಂದಲೇ ಒಂದು ವಿಷಯವಾಗಿ ಕಲಿಸುವ ಕ್ರಮ 2007-08ನೆಯ ಶೈಕ್ಷಣಿಕ ವರ್ಷದಲ್ಲಿ ಜಾರಿಗೆ ಬಂದಿತು. ಅದುವರೆಗೆ ಅದು ಐದನೆಯ ತರಗತಿಯ ವಿಷಯವಾಗಿತ್ತು. ಈ ನಿರ್ಧಾರದ ಹಿಂದುಮುಂದಿನ ವಾದವಿವಾದಗಳನ್ನು ಇಂದು ಒಟ್ಟಾಗಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. 1994ರ ಭಾಷಾನೀತಿಯ ಆದೇಶದಿಂದ 2014ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ನಾವು ಮಗುವಿನ ಮಾತೃಭಾಷೆ, ಪಾಲಕರ ಆಯ್ಕೆ, ರಾಜ್ಯದ ಅಧಿಕಾರ ಇವುಗಳನ್ನು ಕುರಿತು ಬೇಕಾದಷ್ಟು ಚರ್ಚಿಸಿದೆವು. ಆ ಇಂಗ್ಲಿಷನ್ನು ಕಲಿಸಬೇಕಾದವರು ಯಾರು, ಅವರು ಅದನ್ನು ಎಲ್ಲಿ, ಹೇಗೆ ಕಲಿತವರು ಎಂಬ ಪ್ರಶ್ನೆ ಮಾತ್ರ ಅಡಿಟಿಪ್ಪಣಿಯಾಗಿಯೇ ಉಳಿಯಿತು. ಪ್ರಾಥಮಿಕ ಶಾಲೆಯ ಭಾವೀ ಶಿಕ್ಷಕರಿಗೆ ಇಂಗ್ಲಿಷ್ ಕಲಿಕೆಯನ್ನೂ ಬೋಧನೆಯನ್ನೂ ಒದಗಿಸುವ ನಮ್ಮ ಪ್ರಶಿಕ್ಷಣ ಯಾವ ಗ್ರಹಿಕೆಯ ಮೇಲೆ ನಿಂತಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿರುವ ನೇಸರಗಿಯನ್ನು ಕಣ್ಣೆದುರು ಇಟ್ಟುಕೊಂಡರೆ ಪ್ರಶ್ನೆ ಸ್ಪಷ್ಟವಾಗುತ್ತದೆ. ಬೈಲಹೊಂಗಲ ತಾಲ್ಲೂಕಿನ ಈ ಊರು ಸವದತ್ತಿ ರಟ್ಟರ ಕಾಲದ ಶಾಸನದಿಂದಾಗಿ ಇತಿಹಾಸಕಾರರಿಗೆ ಪರಿಚಿತ. ಇಂಥ ಊರಿನಲ್ಲಿ ಇಂಗ್ಲಿಷು ಯಾರ ಮನೆಮಾತೂ ಅಲ್ಲ, ಸಂತೆಯ ಮಾತೂ ಅಲ್ಲ. ಆದರೆ ಗೊಬ್ಬರದ ಚೀಲದ ಮೇಲೆ, ಗುಳಿಗೆಯ ಪಟ್ಟಿಯ ಮೇಲೆ, ಮೊಬೈಲಿನ ಪರದೆಯ ಮೇಲೆ ಅದು ಇದೆ. ಅಂದರೆ ಅದು ಕಿವಿಗೆ ಬೀಳುವುದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವ ಭಾಷೆ. ಈ ಸೀಮೆಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರೋ ಅಕ್ಕೋರೋ ಆಗಬಯಸುವ ತರುಣ ತರುಣಿಯರಲ್ಲಿ ಬಹುಪಾಲಿನವರು ಕನ್ನಡ ಮಾಧ್ಯಮದಲ್ಲಿ ಓದಿದವರು, ಪಿ.ಯು.ಸಿ. ಮುಗಿಸಿ, ಹಿಂದೆ ಟಿ.ಸಿ.ಎಚ್. ಎಂದೂ ಆಮೇಲೆ ಡಿ.ಇಡಿ. ಎಂದೂ ಈಗ ಡಿ.ಇಎಲ್.ಇಡಿ. ಎಂದೂ ಕರೆಯಲಾಗುವ ಎರಡು ವರ್ಷದ ಶಿಕ್ಷಣಕ್ಕೆ ಬರುವವರು. ಅವರ ಇಂಗ್ಲಿಷು ಪರೀಕ್ಷೆಯ ಇಂಗ್ಲಿಷು. ಅವರನ್ನು ನೋಡುವ ಎರಡು ದೃಷ್ಟಿಗಳಿವೆ: ಇಂಗ್ಲಿಷ್ ಬಾರದವರು ಎಂಬುದೊಂದು, ಇಂಗ್ಲಿಷನ್ನು ಇನ್ನೂ ಕಲಿಯುತ್ತಿರುವವರು ಎಂಬುದು ಇನ್ನೊಂದು. ನಮ್ಮ ಪ್ರಶಿಕ್ಷಣ ಮೊದಲನೆಯದನ್ನು ಆರಿಸಿಕೊಂಡಿದೆ. ಅದರ ಸೋಲಿಗೆ ಮೂಲ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಈ ಭಾಗದ ಶಿಕ್ಷಣ ಚರಿತ್ರೆಯಲ್ಲಿ ಇದಕ್ಕೆ ತೀರ ಬೇರೆಯದಾದ ಒಂದು ಪೂರ್ವೋದಾಹರಣೆ ಇದೆ. 1854ರ ವುಡ್ಸ್ ಡಿಸ್ಪ್ಯಾಚು ಜನಸಾಮಾನ್ಯರ ಶಿಕ್ಷಣ ದೇಶಭಾಷೆಗಳಲ್ಲಿ ನಡೆಯಬೇಕೆಂದೂ ಅದಕ್ಕಾಗಿ ಶಿಕ್ಷಕರನ್ನು ಸಿದ್ಧಗೊಳಿಸುವ ನಾರ್ಮಲ್ ಶಾಲೆಗಳು ಬೇಕೆಂದೂ ಹೇಳಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ಆ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834-1881) ಪ್ರಮುಖರು. ಮರಾಠಿಯ ಪ್ರಾಬಲ್ಯವಿದ್ದಲ್ಲಿ ಕನ್ನಡ ಶಾಲೆಗಳನ್ನು ತೆರೆಸಿದವರು ಎಂದು ನಾವು ಅವರನ್ನು ನೆನೆಯುತ್ತೇವೆ, ಅದು ಯೋಗ್ಯವೇ. ಆದರೆ ಅವರು ಇಂಗ್ಲಿಷನ್ನು ಕಷ್ಟಪಟ್ಟು ಕಲಿತ ಕನ್ನಡಿಗರೂ ಆಗಿದ್ದರು. ಶೇಕ್ಸ್‌ಪಿಯರನ ಹರ್ಷನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯಾಗಿ ಕನ್ನಡಕ್ಕೆ ತಂದರು. ಎರಡನೆಯ ಭಾಷೆಯ ಕಲಿಕೆ ಮೊದಲನೆಯ ಭಾಷೆಯೊಳಕ್ಕೆ ಮರಳಿ ಬರುವ ದಾರಿಯೊಂದು ಅಂದಿನ ಶಿಕ್ಷಕರ ಎದುರಿಗಿತ್ತು. 1865ರಲ್ಲಿ ‘ಮಠಪತ್ರಿಕೆ’ಯಾಗಿ ಆರಂಭವಾಗಿ ಕಾಲಾಂತರದಲ್ಲಿ ‘ಜೀವನ ಶಿಕ್ಷಣ’ವಾದ ಶಿಕ್ಷಕರ ಮಾಸಪತ್ರಿಕೆಯೂ ಆ ಪರಂಪರೆಯದೇ ಕೂಸು. ಅಂದಿನ ಸನ್ನಿವೇಶವನ್ನು ಇಂದಿನದಕ್ಕೆ ನೇರವಾಗಿ ಅನ್ವಯಿಸಲಾಗದು: ಅಂದು ಊರ ಶಾಲೆಯ ಮಾಸ್ತರನು ಇಂಗ್ಲಿಷ್ ಕಲಿಸಬೇಕಾಗಿರಲಿಲ್ಲ.

ಇನ್ನೊಂದು ಹೆಸರು ವಿನಾಯಕ ಕೃಷ್ಣ ಗೋಕಾಕರದು. ಕನ್ನಡಿಗರ ಸ್ಮರಣೆಯಲ್ಲಿ ಅವರು 1981ರ ವರದಿಯ ಗೋಕಾಕರು. 1982ರ ಚಳವಳಿಗೆ ಹೆಸರು ಕೊಟ್ಟವರು. ಅರವತ್ತರ ದಶಕದ ಮೊದಲರ್ಧದಲ್ಲಿ ಇದೇ ಗೋಕಾಕರು ಹೈದರಾಬಾದಿನ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದರು. ಇಂಗ್ಲಿಷ್ ಅಧ್ಯಾಪಕರನ್ನು ತರಬೇತುಗೊಳಿಸಲೆಂದೇ 1958ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು. ಭಾರತದಲ್ಲಿ ಇಂಗ್ಲಿಷಿನ ಭವಿಷ್ಯವನ್ನು ಕುರಿತು ಅವರು 1964ರಲ್ಲಿ ಒಂದು ಪುಸ್ತಕವನ್ನೂ ಪ್ರಕಟಿಸಿದರು. ಕನ್ನಡದ ಪ್ರಥಮ ಸ್ಥಾನ ಮತ್ತು ಇಂಗ್ಲಿಷಿನ ಸಮರ್ಥ ಬೋಧನೆ ಇವೆರಡೂ ಒಬ್ಬನೇ ವಿದ್ವಾಂಸನ ಜೀವಿತಕಾರ್ಯದಲ್ಲಿ ಜಗಳವಾಡದೆ ಇದ್ದವು. ಭಾಷಾ ಚರ್ಚೆಯ ಎರಡು ಪಕ್ಷಗಳೂ ಅವರ ಅರ್ಧವನ್ನಷ್ಟೇ ಇಟ್ಟುಕೊಂಡಿರುವುದು ವಿಷಾದದ ಸಂಗತಿ.

ಈಗ ಪಠ್ಯಕ್ರಮಕ್ಕೆ ಬರೋಣ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಎರಡು ವರ್ಷದ ಡಿಪ್ಲೊಮಾಕ್ಕೆ ಸೂಚಿಸಿದ ಮಾದರಿ ಪಠ್ಯಕ್ರಮದಲ್ಲಿ ಇಂಗ್ಲಿಷಿಗೆ ಎರಡು ಪತ್ರಿಕೆಗಳಿವೆ: ಮೊದಲ ವರ್ಷ ಇಂಗ್ಲಿಷ್ ಪ್ರಾವೀಣ್ಯ, ಎರಡನೆಯ ವರ್ಷ ಇಂಗ್ಲಿಷ್ ಬೋಧನಶಾಸ್ತ್ರ. ಮೊದಲು ಕಲಿ, ಆಮೇಲೆ ಕಲಿಸು. ಇದು ಮೇಲುನೋಟಕ್ಕೆ ಸಹಜವಾಗಿಯೇ ತೋರುತ್ತದೆ. ಆದರೆ ಹತ್ತು ಹನ್ನೆರಡು ವರ್ಷಗಳ ಶಾಲಾ ಕಾಲೇಜು ಓದಿನಲ್ಲಿ ಬಾರದ ಪ್ರಾವೀಣ್ಯ ಒಂದು ವರ್ಷದ ಒಂದು ಪತ್ರಿಕೆಯಿಂದ ಬಂದೀತೆಂದು ಯಾರೂ ನಂಬುವುದಿಲ್ಲ. ನಂಬಿದಂತೆ ಎರಡನೆಯ ವರ್ಷದ ಪತ್ರಿಕೆ ಮಾತ್ರ ಮುಂದುವರಿಯುತ್ತದೆ. ಪರಿಣಾಮವಾಗಿ ರಚನಾತ್ಮಕ ವಿಧಾನ, ಸಂವಹನ ವಿಧಾನ, ದ್ವಿಭಾಷಾ ವಿಧಾನ ಎಂಬ ಹೆಸರುಗಳನ್ನೂ ಅವುಗಳ ಗುಣದೋಷಗಳನ್ನೂ ಪ್ರಶಿಕ್ಷಣಾರ್ಥಿ ಗೈಡಿನಿಂದ ಬಾಯಿಪಾಠ ಮಾಡುತ್ತಾನೆ. ಬಾಯಿಪಾಠವು ಭಾಷೆಯನ್ನು ಕಲಿಸದು ಎಂಬ ವಾಕ್ಯವನ್ನೂ ಅವನು ಬಾಯಿಪಾಠದಿಂದಲೇ ಬರೆಯುತ್ತಾನೆ.

ಎರಡು ಪತ್ರಿಕೆಗಳ ನಡುವೆ ಬಿದ್ದುಹೋಗುವುದು ಅವನದೇ ಕಲಿಕೆಯ ಅನುಭವ. ನೇಸರಗಿಯ ಮಗುವಿಗೆ ‘ಎಗ್’ ಎನ್ನಲು ಹೇಳಿದರೆ ಅದು ‘ಯೆಗ್ಗ’ ಎನ್ನುತ್ತದೆ. ಪದಾದಿಯ ಎಕಾರಕ್ಕೆ ಯಕಾರವನ್ನೂ ಒಕಾರಕ್ಕೆ ವಕಾರವನ್ನೂ ಸೇರಿಸುವುದು, ಪದಾಂತ್ಯದ ವ್ಯಂಜನಕ್ಕೆ ಸ್ವರದ ಆಸರೆ ಕೊಡುವುದು, ‘ಸ್ಕೂಲ್’ ಎಂಬುದರ ಹಿಂದೆ ಇಕಾರ ಇಟ್ಟು ‘ಇಸ್ಕೂಲ’ ಮಾಡುವುದು, ಇವು ಮಗುವಿನ ಅಲಕ್ಷ್ಯವಲ್ಲ, ಕನ್ನಡದ ಧ್ವನಿನಿಯಮದ ನಿಷ್ಠೆ. ‘ಇವ ನಮ್ಮ ಅಣ್ಣ’ ಎಂಬ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ಅದನ್ನು ಆಡಿ ಬೆಳೆದ ಮಗು ‘ಹಿ ಮೈ ಬ್ರದರ್’ ಎಂದರೆ ಬಿಟ್ಟುಹೋದ ‘ಈಸ್’ ನಿಜವಾಗಿ ಬಿಟ್ಟುಹೋದದ್ದಲ್ಲ, ಅದು ಇದ್ದೇ ಇರಲಿಲ್ಲ. ಅಣ್ಣ, ತಮ್ಮ ಎಂಬ ಎರಡು ಸಂಬಂಧಗಳು ಒಂದೇ ‘ಬ್ರದರ್’ನಲ್ಲಿ ಕರಗುವುದೂ ಮಗುವಿಗೆ ಒಗಟೇ. ‘ನಂಗ ಹೊಟ್ಟಿ ಹಸದೈತಿ’ ಎನ್ನುವಲ್ಲಿ ಹಸಿವು ನನಗೆ ಆಗುವಂಥದು. ಇಂಗ್ಲಿಷಿನಲ್ಲಿ ಹಸಿದವನು ಕರ್ತೃವಾಗಿ ಎದ್ದು ನಿಲ್ಲಬೇಕು. ಈ ಎಲ್ಲ ತೊಡಕುಗಳನ್ನೂ ದಾಟಿ ಬಂದವನು, ಅಥವಾ ಇನ್ನೂ ದಾಟುತ್ತಿರುವವನು ಪ್ರಶಿಕ್ಷಣಾರ್ಥಿಯೇ. ಇಂಗ್ಲಿಷನ್ನು ಮನೆಮಾತಿನಂತೆ ಆಡುವವರಿಗೆ ಈ ತೊಡಕುಗಳು ಇವೆಯೆಂದೇ ತಿಳಿಯದು. ಆದರೆ ಅವನ ತಪ್ಪುಗಳನ್ನು ಕೆಂಪು ಶಾಯಿಯಿಂದ ತಿದ್ದಿ ಅಂಕ ಕಳೆಯುವ ಪ್ರಶಿಕ್ಷಣವು, ಅವು ಏಕೆ ಆದವು ಎಂದು ಅವನನ್ನು ಒಮ್ಮೆಯಾದರೂ ಕೇಳುವುದಿಲ್ಲ.

ಲಿಪಿಯ ವಿಷಯದಲ್ಲಿ ಈ ಕೊರತೆ ಇನ್ನೂ ದುಬಾರಿಯಾದುದು. ಕನ್ನಡದಲ್ಲಿ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕಲಿತ ಮಗು ಯಾವ ಪದವನ್ನಾದರೂ ಓದಬಲ್ಲದು. ಈ ನಂಬಿಕೆಯನ್ನೇ ಇಂಗ್ಲಿಷಿಗೂ ಒಯ್ದ ಶಿಕ್ಷಕ ಇಪ್ಪತ್ತಾರು ಅಕ್ಷರಗಳನ್ನು ತಿಂಗಳುಗಟ್ಟಲೆ ತಿದ್ದಿಸುತ್ತಾನೆ. ಆದರೆ ‘ಸಿ’, ‘ಎ’, ‘ಟಿ’ ಎಂಬುವು ಅಕ್ಷರಗಳ ಹೆಸರುಗಳು, ಅವುಗಳ ಧ್ವನಿಗಳಲ್ಲ. ಅವನ್ನು ಕೂಡಿಸಿದರೆ ‘ಸಿಎಟಿ’ ಆಗಬೇಕೇ ಹೊರತು ‘ಕ್ಯಾಟ್’ ಆಗದು. ನಮ್ಮ ಶಾಲೆಗಳ ಗೋಡೆಗಳಿಗೆ ಕಂಠಪಾಠವಾಗಿರುವ ‘ಸಿ ಎ ಟಿ ಕ್ಯಾಟ್, ಕ್ಯಾಟ್ ಅಂದ್ರ ಬೆಕ್ಕು’ ಎಂಬ ಘೋಷವನ್ನು ತಜ್ಞರು ನಗೆಗೀಡು ಮಾಡಿದ್ದಾರೆ. ನನಗೆ ಅದರ ಬಗ್ಗೆ ಅಷ್ಟೊಂದು ತಿರಸ್ಕಾರವಿಲ್ಲ. ಅಕ್ಷರ, ಉಚ್ಚಾರ, ಅರ್ಥ ಮೂರನ್ನೂ ಒಂದೇ ಉಸಿರಿನಲ್ಲಿ ಕಟ್ಟಲು, ಯಾವ ಪ್ರಶಿಕ್ಷಣದ ನೆರವೂ ಇಲ್ಲದೆ ಶಿಕ್ಷಕರು ತಾವೇ ಕಂಡುಕೊಂಡ ಉಪಾಯ ಅದು. ಅದರ ದೋಷ ಕನ್ನಡದ ಬಳಕೆಯಲ್ಲಿಲ್ಲ. ಆ ಬೆಕ್ಕು ಮುಂದೆ ಯಾವ ವಾಕ್ಯದೊಳಕ್ಕೂ ಕಾಲಿಡುವುದಿಲ್ಲ ಎಂಬುದರಲ್ಲಿದೆ.

ಇಲ್ಲಿ ದ್ವಿಭಾಷಾ ವಿಧಾನವನ್ನು ಪ್ರಸ್ತಾಪಿಸಬೇಕು. ಸಿ.ಜೆ. ಡಾಡ್ಸನ್ 1967ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿವರಿಸಿದರು. ವಾಕ್ಯದ ಅರ್ಥವನ್ನು ಶಿಕ್ಷಕನು ಮಾತೃಭಾಷೆಯಲ್ಲಿ ಒಮ್ಮೆ ಹೇಳಿ, ಉಳಿದ ಅಭ್ಯಾಸವನ್ನು ಹೊಸ ಭಾಷೆಯಲ್ಲಿಯೇ ನಡೆಸುವುದು ಅದರ ತಿರುಳು. ಹಳೆಯ ವ್ಯಾಕರಣ-ಭಾಷಾಂತರ ಪದ್ಧತಿಗೂ ಇದಕ್ಕೂ ಅಜಗಜಾಂತರ. ಆದರೂ ಕೇಳುವವರ ಕಿವಿಗೆ ಎರಡೂ ಒಂದೇ: ತರಗತಿಯಲ್ಲಿ ಕನ್ನಡ ಕೇಳಿಸಿತು! ಹೀಗಾಗಿ ಮೇಲ್ವಿಚಾರಕರು ಬಂದಾಗ ಕನ್ನಡ ಬಿಟ್ಟು ನಡೆಯುವ ಪಾಠ ಒಂದು, ಅವರು ಹೋದ ಮೇಲೆ ಪೂರ್ತಿ ಕನ್ನಡದಲ್ಲೇ ನಡೆಯುವ ಪಾಠ ಇನ್ನೊಂದು. ಮಾತೃಭಾಷೆಯನ್ನು ಎಷ್ಟು, ಯಾವ ಗಳಿಗೆಯಲ್ಲಿ ಬಳಸಬೇಕು ಎಂಬ ಸೂಕ್ಷ್ಮ ವಿವೇಚನೆಯನ್ನು ಕಲಿಸದೆ ಬರಿಯ ನಿಷೇಧವನ್ನು ಕಲಿಸಿದ್ದರ ಫಲವಿದು.

ವಾದವನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಭಾವುಕತೆಯಾದೀತು. ಶಿಕ್ಷಕನ ಇಂಗ್ಲಿಷು ದುರ್ಬಲವಾಗಿದ್ದರೂ ನಡೆದೀತೆಂದು ಯಾರೂ ಹೇಳಲಾರರು. ಇದಕ್ಕೆ ಕರ್ನಾಟಕದಲ್ಲಿಯೇ ಬೇರು ಬಿಟ್ಟ ಒಂದು ಪ್ರಯೋಗ ಸಾಕ್ಷಿ. 1963ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ನಡೆಸಿದ ‘ಬೆಂಗಳೂರು ಯೋಜನೆ’ ಜಗತ್ತಿನ ಭಾಷಾಬೋಧನೆಯ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ. ವ್ಯಾಕರಣದ ರಚನೆಗಳನ್ನು ಸಾಲಾಗಿ ಕಲಿಸುವ ಬದಲು, ರೈಲಿನ ವೇಳಾಪಟ್ಟಿ, ನಕಾಶೆ, ಲೆಕ್ಕಾಚಾರಗಳಂಥ ಕೆಲಸಗಳನ್ನು ಕೊಟ್ಟು, ಅರ್ಥದ ಕಡೆಗೆ ಗಮನ ಹರಿದಾಗ ಭಾಷೆ ತಾನಾಗಿ ಒಲಿಯುತ್ತದೆ ಎಂಬ ಪ್ರಮೇಯ ಅದರದು. ಅಲನ್ ಬೆರೆಟ್ಟಾ 1990ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಯೋಜನೆಗೆಂದು ಬಂದ ನುರಿತ ಅಧ್ಯಾಪಕರಿಗೆ ಹೋಲಿಸಿದರೆ ಶಾಲೆಯ ನಿಯತ ಶಿಕ್ಷಕರು ಅದನ್ನು ನಿರ್ವಹಿಸುವುದರಲ್ಲಿ ಹಿಂದೆ ಬಿದ್ದರು. ಪೂರ್ವಸಿದ್ಧ ವಾಕ್ಯಗಳಿಲ್ಲದ ತರಗತಿಯಲ್ಲಿ ಮಗುವಿನ ಮಾತಿಗೆ ಆ ಕ್ಷಣದಲ್ಲೇ ಉತ್ತರಿಸಬೇಕಲ್ಲ; ಅದಕ್ಕೆ ಬೇಕಾದ ಇಂಗ್ಲಿಷು ಸಣ್ಣದಲ್ಲ. ಉತ್ತಮ ವಿಧಾನವೊಂದನ್ನು ಮೇಲಿನಿಂದ ಇಳಿಸಿದರೆ ಅದು ಕೊನೆಗೆ ನಿಲ್ಲುವುದು ಶಿಕ್ಷಕನ ನಾಲಗೆಯ ಮೇಲೆ.

ಪ್ರಭು ಅವರು ಅದೇ 1990ರ ಒಂದು ಲೇಖನದಲ್ಲಿ, ಎಲ್ಲರಿಗೂ ಹೊಂದುವ ಅತ್ಯುತ್ತಮ ವಿಧಾನವೆಂಬುದಿಲ್ಲ. ತನ್ನ ಬೋಧನೆಯಿಂದ ಕಲಿಕೆ ಹೇಗೆ ಉಂಟಾಗುತ್ತದೆಂಬ ಬಗ್ಗೆ ಶಿಕ್ಷಕನಲ್ಲಿ ಸಜೀವವಾದ ಒಂದು ನಂಬುಗೆ ಇರುವುದು ಮುಖ್ಯ ಎಂಬ ನಿಲುವಿಗೆ ಬಂದರು. ಈ ನಂಬುಗೆ ಪ್ರಶಿಕ್ಷಣಾರ್ಥಿಯಲ್ಲಿ ಹುಟ್ಟಬೇಕಾದರೆ ಅವನು ಇಂಗ್ಲಿಷ್ ಕಲಿಯುತ್ತಿರುವಾಗಲೇ ತನ್ನ ಕಲಿಕೆಯನ್ನು ಗಮನಿಸಬೇಕು. ಅರ್ಥಾತ್ ಎರಡು ಪತ್ರಿಕೆಗಳೂ ಒಂದಾಗಬೇಕು. ಮೊದಲ ದಿನದಿಂದ ಅವನು ಸುಲಭವಾದ ಇಂಗ್ಲಿಷ್ ಕಥೆಪುಸ್ತಕಗಳನ್ನು, ಮಕ್ಕಳಿಗೆಂದು ಬರೆದವನ್ನೇ, ಹತ್ತಾರಲ್ಲ ನೂರಾರು ಓದಬೇಕು. ಆರ್. ಅಮೃತವಲ್ಲಿ ಅವರ ಅಧ್ಯಕ್ಷತೆಯಲ್ಲಿ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಸಿದ್ಧವಾದ ಇಂಗ್ಲಿಷ್ ಬೋಧನೆಯ ನಿಲುವು ಪತ್ರ ಮಗುವಿನ ಸುತ್ತ ಭಾಷೆಯ ಸಮೃದ್ಧಿ ಇರಬೇಕೆಂದು ಒತ್ತಿ ಹೇಳಿತು. ಆ ಸಮೃದ್ಧಿಯ ಮೊದಲ ಹಕ್ಕುದಾರ ಶಿಕ್ಷಕನೇ. ಕಿವಿಗೆ ಇಂಗ್ಲಿಷ್ ಬೀಳದ ಊರಿನಲ್ಲಿ ಕಣ್ಣಿನ ದಾರಿಯೊಂದೇ ತೆರೆದಿರುವಾಗ, ಓದುವ ಪುಸ್ತಕಗಳಿಲ್ಲದ ಪ್ರಶಿಕ್ಷಣ ಕೇಂದ್ರವು ಸಂಭಾಷಣಾ ಕೌಶಲದ ಮಾತಾಡುವುದು ವಿಪರ್ಯಾಸ.

ಇದು ಕೈಲಾಗದ ಮಾತೆಂದು ಹೇಳುವಂತಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ತಮ್ಮ ತರಗತಿಗಳಿಗೆ ಬೇಕಾದ ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿಕೊಂಡದ್ದರಿಂದ ‘ನಲಿ-ಕಲಿ’ ಹುಟ್ಟಿತು. ಅದು ರಾಜ್ಯವ್ಯಾಪಿಯಾದಾಗ ಕಾರ್ಡುಗಳು ಎಲ್ಲೆಡೆಗೂ ತಲುಪಿದವು, ರಚಿಸುವ ಅಧಿಕಾರ ಅಷ್ಟಾಗಿ ತಲುಪಲಿಲ್ಲ. ಆದರೂ ಊರ ಶಾಲೆಯ ಶಿಕ್ಷಕರು ಬೋಧನಸಾಮಗ್ರಿಯ ಕರ್ತೃಗಳಾಗಬಲ್ಲರು ಎಂಬುದಕ್ಕೆ ಬೇರೆ ಪುರಾವೆ ಬೇಡ. ಗೊಬ್ಬರದ ಚೀಲದ, ಗುಳಿಗೆಯ ಪಟ್ಟಿಯ ಇಂಗ್ಲಿಷಿನಿಂದ ನೇಸರಗಿಯ ಮಗುವಿಗೆ ಹತ್ತು ಪಾಠ ಕಟ್ಟುವುದು ಹೊರಗಿನ ತಜ್ಞನಿಗಿಂತ ಅಲ್ಲಿಯ ಅಕ್ಕೋರಿಗೇ ಸುಲಭ.

2019-20ರಲ್ಲಿ ರಾಜ್ಯದ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಆರಂಭಗೊಂಡವು. ಈಗ ಪ್ರಶ್ನೆ ಭಾಷೆಯೊಂದರ ಬೋಧನೆಯಲ್ಲ, ಆ ಭಾಷೆಯ ಮೂಲಕ ಗಣಿತದ, ಪರಿಸರದ ಬೋಧನೆ. ಪಾಲಕರ ಆಸೆ ತಪ್ಪಲ್ಲ. ಬಡವನ ಮಗುವಿಗೆ ಇಂಗ್ಲಿಷ್ ಬೇಡವೆನ್ನುವ ನೈತಿಕ ಅಧಿಕಾರ, ತನ್ನ ಮಕ್ಕಳನ್ನು ಇಂಗ್ಲಿಷಿಗೆ ಒಪ್ಪಿಸಿದ ವಿದ್ವದ್ವರ್ಗಕ್ಕೆ ಇಲ್ಲ. ಆದರೆ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ, ಶಿಕ್ಷಕನಿಗೆ ಸಲೀಸಾಗದ ಭಾಷೆಯಲ್ಲಿ ನಡೆಯುವ ಗಣಿತದ ಪಾಠದಿಂದ ಗಣಿತವೂ ಹೋದೀತು, ಇಂಗ್ಲಿಷೂ ಬಾರದು.

ಅಭ್ಯಾಸ ಪಾಠದ ದಿನ ವೀಕ್ಷಕರು ತರಗತಿಯ ಹಿಂಬದಿಯಲ್ಲಿ ನಮೂನೆ ಹಿಡಿದು ಕೂರುತ್ತಾರೆ. ಪೀಠಿಕೆ, ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ, ಕಲಿಕೋಪಕರಣ, ಮುಕ್ತಾಯ ಎಲ್ಲಕ್ಕೂ ಅಂಕಗಳಿವೆ. ಪಾಠದ ನಡುವೆ ಮಗುವೊಂದು ‘ಹಿ ಮೈ ಬ್ರದರ್’ ಎಂದಾಗ ಪ್ರಶಿಕ್ಷಣಾರ್ಥಿಗೆ ಅದರಲ್ಲಿ ಏನು ಕೇಳಿಸಿತು ಎಂದು ಬರೆಯುವುದಕ್ಕೆ, ನಾನು ಕಂಡ ನಮೂನೆಗಳಲ್ಲಿ, ಜಾಗವಿರಲಿಲ್ಲ.