ನಿಕಲ್ ಜೋಡಿಯ ಮೂರು ರೇಖೆಗಳು

1980ರಲ್ಲಿ ಭೌತವಿಜ್ಞಾನಿ ಬೆಕರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ನಕ್ಷೆಯೊಂದಿದೆ. ಎಷ್ಟು ಸಲ ನೋಡಿದರೂ ಸಾಕೆನಿಸದು. ಅದರಲ್ಲಿರುವುದು ನಿಕಲ್ಲಿಗೆ ನಿಕಲ್ಲನ್ನೇ ಡಿಕ್ಕಿ ಹೊಡೆಸಿದ ಲೆಕ್ಕ, ಅಷ್ಟೇ.

ನಿಕಲ್-58ರಲ್ಲಿ 28 ಪ್ರೋಟಾನ್, 30 ನ್ಯೂಟ್ರಾನ್. ನಿಕಲ್-64ರಲ್ಲಿ ಪ್ರೋಟಾನ್ ಅಷ್ಟೇ, ನ್ಯೂಟ್ರಾನ್ ಮಾತ್ರ 36. ಜೋಡಿ ಕಟ್ಟುವ ಬಗೆ ಮೂರು: 58ಕ್ಕೆ 58, 64ಕ್ಕೆ 64, ಇಲ್ಲವೇ 58ಕ್ಕೆ 64. ಬೆಸೆದುಕೊಂಡರೆ ಮೂರರಲ್ಲೂ ಹುಟ್ಟುವುದು 56 ಪ್ರೋಟಾನುಗಳ ಬೇರಿಯಮ್ಮೇ. ಒಂದನ್ನೊಂದು ದೂಡುವ ವಿದ್ಯುದಾವೇಶವೂ ಒಂದೇ. ಪ್ರಯೋಗದ ಸೊಗಸೇ ಈ ಕಟ್ಟುನಿಟ್ಟು. ಬದಲಾಗುವುದು ನ್ಯೂಟ್ರಾನಿನ ಎಣಿಕೆಯೊಂದೇ. ಅದಕ್ಕೋ ಆವೇಶವೇ ಇಲ್ಲ.

ಎರಡು ಪರಮಾಣು ಬೀಜಗಳು ಹತ್ತಿರವಾದಷ್ಟೂ ವಿಕರ್ಷಣೆ ಏರುತ್ತದೆ. ಮೈಗೆ ಮೈ ತಾಗುವಷ್ಟು ಬಂದಾಗಲೇ ಬೈಜಿಕ ಬಲ ಹಿಡಿದೆಳೆಯುವುದು. ಅಲ್ಲಿಯವರೆಗಿನ ತಡೆಗೋಡೆ ಈ ಜೋಡಿಗಳಿಗೆ ಸುಮಾರು 95 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಎತ್ತರ. ಅಷ್ಟು ಶಕ್ತಿಯಿಲ್ಲದಿದ್ದರೂ ಕ್ವಾಂಟಂ ಸುರಂಗದಲ್ಲಿ ಕೆಲವು ನುಸುಳಿಬಿಡುತ್ತವೆ. ಶಕ್ತಿ ಇಳಿಸುತ್ತ ಹೋದರೆ ನುಸುಳುವ ಪ್ರಮಾಣ ಧಡಧಡನೆ ಕುಸಿಯುತ್ತದೆ.

ನ್ಯೂಟ್ರಾನ್ ಹೆಚ್ಚಿದ್ದಷ್ಟೂ ಬೀಜದ ಗಾತ್ರ ದೊಡ್ಡದು, ಗೋಡೆ ತುಸು ತಗ್ಗು. ಹಾಗಾಗಿ 64-64ರ ಜೋಡಿಯೇ ಗೆಲ್ಲಬೇಕು, ಮಿಶ್ರ ಜೋಡಿ ನಡುವೆ ನಿಲ್ಲಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ನಕ್ಷೆಯಲ್ಲಿ, ಗೋಡೆಯ ಕೆಳಗೆ, ಸಮಜೋಡಿಗಳ ರೇಖೆಗಳೆರಡೂ ಕಡಿದಾಗಿಯೇ ಬೀಳುತ್ತವೆ. ಮಿಶ್ರ ಜೋಡಿಯ ರೇಖೆ ಮಾತ್ರ ಬೀಳಲು ಮನಸ್ಸಿಲ್ಲದ ಹಾಗೆ ವಾಲುತ್ತ ಇಳಿಯುತ್ತದೆ. ನನ್ನ ಕಣ್ಣು ಮತ್ತೆ ಮತ್ತೆ ನಿಲ್ಲುವುದು ಆ ವಾಲಿಕೆಯ ಮೇಲೆ.

ಶಕ್ತಿಯ ಜಮಾಖರ್ಚು ನೋಡಿದರೆ ಇನ್ನೂ ಖುಷಿ. 64ರಿಂದ ಒಂದು ನ್ಯೂಟ್ರಾನ್ ಕಿತ್ತು 58ಕ್ಕೆ ಕೊಟ್ಟರೆ ಸುಮಾರು 0.7 ಎಂಇವಿ ನಷ್ಟ. ಎರಡನ್ನು ಒಟ್ಟಿಗೆ ಕೊಟ್ಟರೆ 3.9 ಎಂಇವಿ ಲಾಭ! ಒಂಟಿಯಾಗಿ ಹೋದರೆ ಸೋಲು, ಜೊತೆಯಾಗಿ ಹೋದರೆ ಗೆಲುವು. ನ್ಯೂಟ್ರಾನುಗಳು ಜೋಡಿಗಟ್ಟಿಕೊಳ್ಳುವ ಗುಣ ಇಷ್ಟು ಚೊಕ್ಕವಾಗಿ ಕಾಣುವುದು ಅಪರೂಪ. ಸಮಜೋಡಿಗಳಲ್ಲಿ ಎರಡನ್ನು ದಾಟಿಸಿದರೂ ನಷ್ಟವೇ. ಮಿಶ್ರ ಜೋಡಿಯಲ್ಲಿ ನ್ಯೂಟ್ರಾನುಗಳು ಇಳಿಜಾರು ಕಂಡ ನೀರಿನಂತೆ ಇದ್ದ ಕಡೆಯಿಂದ ಇಲ್ಲದ ಕಡೆಗೆ ಹರಿಯಬಲ್ಲವು. ಬೀಜಗಳು ಪೂರ್ತಿ ಸೇರುವ ಮುನ್ನವೇ ನಡೆಯುವ ಈ ಕೊಡುಕೊಳೆ ಬೆಸುಗೆಗೆ ನೆರವಾಗುತ್ತದೆ ಎಂಬುದು ಒಪ್ಪಿತವಾದ ವಿವರಣೆ. ಅಂದರೆ ಇಲ್ಲಿ ಗೆದ್ದದ್ದು ನ್ಯೂಟ್ರಾನ್ ಸಿರಿತನವಲ್ಲ, ಇಬ್ಬರ ಸಿರಿತನದ ನಡುವಿನ ಅಂತರ.

ಆದರೆ ಇದನ್ನೇ ಸೂತ್ರ ಮಾಡಿಕೊಂಡರೆ ನಿಸರ್ಗ ಕೈಕೊಡುತ್ತದೆ. ಕ್ಯಾಲ್ಸಿಯಂ-40ಕ್ಕೆ ಜಿರ್ಕೋನಿಯಂ-96 ಜೊತೆಯಾದಾಗ ಇದೇ ಲಾಭ ಎದ್ದು ಕಂಡಿತು. ಆದರೆ ಅಮೆರಿಕದ ಓಕ್ ರಿಡ್ಜ್‌ನಲ್ಲಿ ವಿಕಿರಣಶೀಲ ತವರ-132ನ್ನು ನಿಕಲ್-58ರ ಮೇಲೆ ಹಾಯಿಸಿದಾಗ ಲಾಭದ ಲೆಕ್ಕ ಕಾಗದದಲ್ಲಿತ್ತು, ನಿರೀಕ್ಷಿಸಿದ ಹೆಚ್ಚಳ ಬರಲಿಲ್ಲ. ನ್ಯೂಟ್ರಾನ್ ಸಿರಿವಂತ 64-64ರ ಜೋಡಿಯೇ ತೀರ ಕಡಿಮೆ ಶಕ್ತಿಯಲ್ಲಿ ಎಣಿಸಿದ್ದಕ್ಕಿಂತ ವಿರಳವಾಗಿ ಬೆಸೆಯುತ್ತದೆಂದು 2004ರಲ್ಲಿ ಅಮೆರಿಕದ ಆರ್ಗೋನ್ ಪ್ರಯೋಗಾಲಯದವರು ತೋರಿಸಿದರು. ನನಗಂತೂ ಈ ಮೊಂಡುತನವೂ ಇಷ್ಟ.

ಅತಿಭಾರ ಧಾತುಗಳಿಗೆ ಬಂದರೆ ಸಿರಿತನ ನೇರವಾಗಿಯೇ ಬೇಕಾಗುತ್ತದೆ. ಭಾರ ಹೆಚ್ಚಿದಂತೆ ಪ್ರೋಟಾನುಗಳ ಜಗಳ ತಡೆಯಲು ನ್ಯೂಟ್ರಾನುಗಳ ಪಾಲು ಏರಬೇಕು. ಅಲ್ಲಿಯ ಚೆಲುವು ಕ್ಯಾಲ್ಸಿಯಂ-48: 20 ಪ್ರೋಟಾನ್, 28 ನ್ಯೂಟ್ರಾನ್, ಎರಡೂ ಬೀಜಕ್ಕೆ ವಿಶೇಷ ಸ್ಥಿರತೆ ಕೊಡುವ ಮಾಂತ್ರಿಕ ಸಂಖ್ಯೆಗಳು. ನಿಸರ್ಗದ ಕ್ಯಾಲ್ಸಿಯಂನಲ್ಲಿ ಇದು ನೂರಕ್ಕೆ 0.19ರಷ್ಟು ಮಾತ್ರ. ರಷ್ಯಾದ ದುಬ್ನಾದಲ್ಲಿ ಯೂರಿ ಒಗನೆಸ್ಸಿಯಾನ್ ಬಳಗ ಇದನ್ನು ಪ್ಲುಟೋನಿಯಂ, ಅಮೆರಿಸಿಯಂ, ಕ್ಯೂರಿಯಂ, ಬರ್ಕೀಲಿಯಂ, ಕ್ಯಾಲಿಫೋರ್ನಿಯಂಗಳ ಮೇಲೆ ಹಾಯಿಸಿ 114ರಿಂದ 118ರವರೆಗಿನ ಧಾತುಗಳಿಗೆ ದಾರಿ ತೆರೆಯಿತು. ಆದರೂ 118ನೇ ಧಾತುವಾದ ಒಗನೆಸ್ಸಾನ್-294ರಲ್ಲಿ ಇರುವುದು 176 ನ್ಯೂಟ್ರಾನ್. ಸಿದ್ಧಾಂತ ಬೆರಳು ತೋರುವ ಮುಂದಿನ ಮಾಂತ್ರಿಕ ಸಂಖ್ಯೆ 184.

ಇನ್ನೂ ಮೇಲಕ್ಕೇರಲು ಕ್ಯಾಲಿಫೋರ್ನಿಯಂಗಿಂತ ಭಾರದ ಗುರಿಫಲಕ ಸಾಕಷ್ಟು ಸಿಗುವುದಿಲ್ಲ. ಹಾಗಾಗಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು ಟೈಟಾನಿಯಂ-50ನ್ನು ಹಿಡಿದಿದ್ದಾರೆ. ನ್ಯೂಟ್ರಾನ್ ಅದೇ 28, ಪ್ರೋಟಾನ್ ಎರಡು ಹೆಚ್ಚು. ಸಿರಿತನದ ಅನುಪಾತ 1.4ರಿಂದ 1.27ಕ್ಕೆ ಇಳಿಯುತ್ತದೆ. ಇದನ್ನು ಪ್ಲುಟೋನಿಯಂ-244ರ ಮೇಲೆ 22 ದಿನ ಹಾಯಿಸಿ 116ನೇ ಧಾತುವಿನ ಎರಡು ಪರಮಾಣು ಪಡೆದ ಸುದ್ದಿಯನ್ನು 2024ರಲ್ಲಿ ಪ್ರಕಟಿಸಿದರು. ಮುಂದಿನ ಗುರಿ 120. ಅದಕ್ಕೆ ಇದೇ ಟೈಟಾನಿಯಂ ಕ್ಯಾಲಿಫೋರ್ನಿಯಂ ಮೇಲೆ ಬೀಳಬೇಕು.